ಸೇತುವೆಯ ಮೇಲೊಬ್ಬ, ಬೀದಿಯಲ್ಲೊಬ್ಬ

ವೆಸ್ಟ್‌ಮಿನ್‌ಸ್ಟರ್ ಸೇತುವೆಯ ಮೇಲೆ ನಿಂತವರಿಗೆ ಸೂರ್ಯ ಮೂಡುವುದು ಲ್ಯಾಂಬೆತ್ ಕಡೆಯಿಂದ. ಥೇಮ್ಸ್ ನದಿ ಲಂಡನ್ನಿನಲ್ಲಿ ಪಶ್ಚಿಮದಿಂದ ಪೂರ್ವಕ್ಕೆ ಹರಿಯುತ್ತದೆಂದು ಭೂಪಟ ನೋಡಿಕೊಂಡು ಹೋದರೆ ಇಲ್ಲಿ ದಿಕ್ಕು ತಪ್ಪುತ್ತದೆ. ಈ ತಿರುವಿನಲ್ಲಿ ಅದು ಉತ್ತರಕ್ಕೆ ಹೊರಳಿಕೊಂಡಿದೆ. ಹಾಗಾಗಿ ಸೇತುವೆಯ ಒಂದು ತುದಿ ಪಡುವಣಕ್ಕೆ, ಪಾರ್ಲಿಮೆಂಟಿನ ಪಕ್ಕಕ್ಕೆ. ಇನ್ನೊಂದು ಮೂಡಣಕ್ಕೆ, ಲ್ಯಾಂಬೆತ್ತಿಗೆ. ಸೆಪ್ಟೆಂಬರ್ ಮೊದಲ ವಾರದಲ್ಲಿ ಬೆಳಿಗ್ಗೆ ಆರೂಕಾಲರ ಹೊತ್ತಿಗೆ ಅಲ್ಲಿ ನಿಲ್ಲಬೇಕು. ಬೆಳಕು ಮೊದಲು ಗಡಿಯಾರದ ಗೋಪುರದ ತುದಿಗೆ ತಾಗುತ್ತದೆ. ಆಮೇಲೆ ಒಂದೊಂದೇ ಅಂತಸ್ತು ಇಳಿದು, ಕಲ್ಲಿನ ಕೆತ್ತನೆಗಳನ್ನೆಲ್ಲ ಎಬ್ಬಿಸುತ್ತ ಬಂದು, ಕೊನೆಗೆ ನೀರಿಗೆ ಬೀಳುತ್ತದೆ. ಆ ಗಳಿಗೆಯಲ್ಲಿ ನನಗೆ ಮಾತೇ ಹೊರಡಲಿಲ್ಲ.

ಅಷ್ಟು ಹೊತ್ತಿಗೆ ನನ್ನನ್ನು ಅಲ್ಲಿಗೆ ಎಳೆದುಕೊಂಡು ಹೋದದ್ದು ಹದಿನಾಲ್ಕು ಸಾಲಿನ ಒಂದು ಕವಿತೆ. 1807ರಲ್ಲಿ ಅಚ್ಚಾದ ಆ ಸಾನೆಟ್ಟಿನ ಶೀರ್ಷಿಕೆಯಲ್ಲೇ ವಿಲಿಯಂ ವರ್ಡ್ಸ್‌ವರ್ತ್ ಜಾಗವನ್ನೂ ದಿನವನ್ನೂ ಹೇಳಿಬಿಟ್ಟಿದ್ದಾನೆ: ವೆಸ್ಟ್‌ಮಿನ್‌ಸ್ಟರ್ ಸೇತುವೆ, 1802ರ ಸೆಪ್ಟೆಂಬರ್ 3. ಸರೋವರಗಳ ನಾಡಿನಲ್ಲಿ ಬೆಟ್ಟ ಹತ್ತಿಳಿದು ಬಾಳಿದ ಕವಿ ಅವನು. ಅಂಥವನು ಇಂಗ್ಲೆಂಡಿನ ಅತಿ ದೊಡ್ಡ ಊರಿನ ಮುಂದೆ ನಿಂತು, ತನ್ನ ಕಣಿವೆಗಳಿಗೂ ಇದು ಸೋಲುವುದಿಲ್ಲ ಎಂದು ಬೆರಗಾದ. ಆ ಬೆರಗು ಹುಟ್ಟಿದ ಜಾಗದಲ್ಲಿ ಒಮ್ಮೆ ನಿಲ್ಲಬೇಕೆಂಬುದು ನನ್ನ ಬಹುಕಾಲದ ಆಸೆ.

ಜಾಗ ಅದೇ, ಸೇತುವೆ ಅದಲ್ಲ. ಅವನು ನಿಂತಿದ್ದು 1750ರಲ್ಲಿ ತೆರೆದ ಕಲ್ಲಿನ ಸೇತುವೆಯ ಮೇಲೆ. ಈಗಿರುವ, ಹಸಿರು ಬಣ್ಣ ಬಳಿದ ಏಳು ಕಮಾನಿನ ಕಬ್ಬಿಣದ ಸೇತುವೆ 1862ರದ್ದು. ಅವನ ಕಣ್ಣೆದುರು ಇದ್ದ ಹಳೆಯ ಪಾರ್ಲಿಮೆಂಟ್ 1834ರ ಅಕ್ಟೋಬರಿನ ಬೆಂಕಿಯಲ್ಲಿ ಬಹುಪಾಲು ಸುಟ್ಟುಹೋಯಿತು. ಬಿಗ್ ಬೆನ್ನಿನ ದನಿ ಅವನು ಕೇಳಲೇ ಇಲ್ಲ, ಅದು 1859ರಿಂದ ಈಚಿನದು. ಅವನು ಕಂಡ ಸೇಂಟ್ ಪಾಲ್ಸ್ ಗುಮ್ಮಟವನ್ನು ಈಗ ಎತ್ತರದ ಕಟ್ಟಡಗಳ ನಡುವೆ ಹುಡುಕಬೇಕು. ಆಗ ನಗರದ ನಡುವೆ ಥೇಮ್ಸ್ ದಾಟಲು ಇದ್ದದ್ದೇ ಮೂರು ಸೇತುವೆ. ಕಲ್ಲು ಹೋಯಿತು, ಗೋಪುರ ಬದಲಾಯಿತು, ಆದರೂ ಆ ಕವಿತೆ ಇಲ್ಲಿ ಸುಳ್ಳಾಗುವುದಿಲ್ಲ. ಅವನು ಬರೆದದ್ದು ಕಟ್ಟಡಗಳನ್ನಲ್ಲ, ಬೆಳಕು ಅವುಗಳ ಮೇಲೆ ಕೂತ ಹೊತ್ತನ್ನು.

ಕವಿತೆಯ ಹಿಂದೆ ಒಂದು ಪ್ರಯಾಣವಿದೆ. ತಂಗಿ ಡೊರೊತಿಯ ದಿನಚರಿಯ ಪ್ರಕಾರ ಅಣ್ಣತಂಗಿ ಈ ನೋಟ ಕಂಡದ್ದು ಜುಲೈ ಕೊನೆಯಲ್ಲಿ, ಚೇರಿಂಗ್ ಕ್ರಾಸಿನಲ್ಲಿ ಡೋವರ್ ಕೋಚ್ ಹತ್ತಿ ಹೊರಟಾಗ, ಬೆಳಗಿನ ಐದೂವರೆ ಆರರ ನಡುವೆ. ಅವರು ಹೋಗುತ್ತಿದ್ದದ್ದು ಕ್ಯಾಲೆಗೆ. ಯುದ್ಧ ನಿಂತು, ಅಮಿಯೆನ್ಸ್ ಒಪ್ಪಂದದಿಂದ ಫ್ರಾನ್ಸಿನ ದಾರಿ ತೆರೆದಿತ್ತು. ಅಲ್ಲಿ ಅನೆಟ್ ವಲೋನ್ ಇದ್ದಳು. ಅವಳಿಂದ ವರ್ಡ್ಸ್‌ವರ್ತನಿಗೆ ಹುಟ್ಟಿದ, ಒಂಬತ್ತು ವರ್ಷದ ಕ್ಯಾರೊಲಿನ್ ಇದ್ದಳು. ಅಕ್ಟೋಬರಿನಲ್ಲಿ ಮೇರಿ ಹಚಿನ್ಸನ್ನಳನ್ನು ಮದುವೆಯಾಗುವ ಮೊದಲು ಅವರಿಬ್ಬರನ್ನೂ ಕಾಣಲು ಹೊರಟಿದ್ದ. ಇಂಥ ಭಾರ ಹೊತ್ತವನಿಗೆ, ಸದ್ದೇ ಇಲ್ಲದ ಒಂದು ನಗರ ಎದುರಾಯಿತು. ಆ ಕವಿತೆಯ ಶಾಂತಿಗೆ ಇಷ್ಟು ಆಳ ಬಂದದ್ದು ಇದರಿಂದಲೇ ಎಂದು ನನಗನ್ನಿಸುತ್ತದೆ. ಹಿಂದಿರುಗಿ ಬಂದ ಮೇಲಿನ ದಿನಾಂಕವನ್ನು ಶೀರ್ಷಿಕೆಗೆ ಕೊಟ್ಟನೋ, ಕವಿತೆ ಮುಗಿದದ್ದೇ ಆಗಲೋ, ವಿದ್ವಾಂಸರು ಚರ್ಚಿಸಲಿ.

ಡೊರೊತಿ ಗಮನಿಸಿದ ಒಂದು ಸಂಗತಿ ನನ್ನನ್ನು ಬಿಡಲಿಲ್ಲ. ಅಂದು ಮನೆಗಳ ಮೇಲೆ ಹೊಗೆ ಇರಲಿಲ್ಲ. ಅಣ್ಣನ ಕವಿತೆಯ ಗಾಳಿಯೂ ಹೊಗೆಯಿಲ್ಲದ ಗಾಳಿಯೇ. ಸುಮಾರು 10 ಲಕ್ಷ ಜನ ಕಲ್ಲಿದ್ದಲು ಉರಿಸುತ್ತಿದ್ದ ಊರು ಅದು. ಬೆಳಗಿನ ಐದೂವರೆಗೆ ಒಲೆಗಳು ಆರಿ ತಣ್ಣಗಿದ್ದವು, ಅದಕ್ಕೇ ಆಕಾಶ ತಿಳಿಯಾಗಿತ್ತು. ಒಲೆ ತಣ್ಣಗಿರುವ ಆ ಹೊತ್ತೇ ಚಿಮಣಿ ಗುಡಿಸುವ ಹುಡುಗರ ಹೊತ್ತು. ನಸುಕಿನಲ್ಲಿ ಬೀದಿಬೀದಿ ಕೂಗುತ್ತ ಬಂದು, 14 ಇಂಚಿಗೆ 9 ಇಂಚಿನಷ್ಟು ಇಕ್ಕಟ್ಟಾದ ಕೊಳವೆಗಳೊಳಗೆ ಮೊಣಕೈ ಮೊಣಕಾಲು ಊರಿಕೊಂಡು ಹತ್ತುತ್ತಿದ್ದರು. ಎಂಟು ವರ್ಷಕ್ಕಿಂತ ಚಿಕ್ಕವರನ್ನು ಈ ಕೆಲಸಕ್ಕೆ ಇಟ್ಟುಕೊಳ್ಳಬಾರದೆಂದು 1788ರ ಕಾನೂನು ಹೇಳಿತ್ತು. ಅದನ್ನು ಪಾಲಿಸಿದವರು ಕಡಿಮೆ. ಆ ಮಸಿಯೇ ಅವರಲ್ಲಿ ಕ್ಯಾನ್ಸರ್ ತರುತ್ತದೆಂದು ಪರ್ಸಿವಲ್ ಪಾಟ್ ಎಂಬ ಶಸ್ತ್ರವೈದ್ಯ 1775ರಲ್ಲೇ ಬರೆದಿದ್ದ. ಮಕ್ಕಳನ್ನು ಚಿಮಣಿಗೆ ಹತ್ತಿಸುವುದು ನಿಜಕ್ಕೂ ನಿಂತದ್ದು 1875ರ ಕಾನೂನಿನ ಮೇಲೆ.

ಸೇತುವೆಯಿಂದ ನೋಡಿದರೆ ಮಲಗಿದ್ದ ನಗರದೊಳಗೆ ಆ ಮಕ್ಕಳು ಎದ್ದಿದ್ದರು. ಅವರ ಕೂಗು ಕೇಳಿಸಿಕೊಂಡ ಕವಿ ಇನ್ನೊಬ್ಬ. ಅವನ ಮನೆಯಿದ್ದ ಬೀದಿಗೆ ಈ ಸೇತುವೆಯಿಂದ ಹತ್ತು ನಿಮಿಷದ ನಡಿಗೆ.

ಮೂಡಣ ತುದಿಗೆ ಬಂದರೆ ಎತ್ತರದ ಪೀಠದ ಮೇಲೊಂದು ಬಿಳಿಯ ಸಿಂಹ ನಿಂತಿದೆ. 1837ರಲ್ಲಿ ಒಂದು ಬಿಯರ್ ಕಾರ್ಖಾನೆಯ ನೆತ್ತಿಯ ಮೇಲಿಡಲು ಮಾಡಿದ್ದು. ಇದು ಕಲ್ಲಿನಂತೆ ಕಂಡರೂ ಮಣ್ಣನ್ನು ಸುಟ್ಟು ಮಾಡಿದ ಶಿಲ್ಪ, ಲ್ಯಾಂಬೆತ್ತಿನ ಕೋಡ್ ಕಾರ್ಖಾನೆಯ ಕೆಲಸ. ಅದನ್ನು ದಾಟಿ, ವೆಸ್ಟ್‌ಮಿನ್‌ಸ್ಟರ್ ಬ್ರಿಡ್ಜ್ ರಸ್ತೆ ಹಿಡಿದು, ರೈಲು ಸೇತುವೆಯ ಅಡಿಯಲ್ಲಿ ಹಾದು ಬಲಕ್ಕೆ ಹೊರಳಿದರೆ ಹರ್ಕ್ಯುಲಿಸ್ ರಸ್ತೆ. 1790ರ ದಶಕದಲ್ಲಿ ಇಲ್ಲಿನ ಹರ್ಕ್ಯುಲಿಸ್ ಬಿಲ್ಡಿಂಗ್ಸಿನ ಒಂದು ಮನೆಯಲ್ಲಿ ವಿಲಿಯಂ ಬ್ಲೇಕ್, ಹೆಂಡತಿ ಕ್ಯಾಥರಿನ್ ಜೊತೆ ಬಾಳಿದ. ಆ ಮನೆ ಈಗಿಲ್ಲ. ಅಲ್ಲಿ ನಿಂತಿರುವ ವಸತಿ ಕಟ್ಟಡಕ್ಕೆ ಅವನ ಹೆಸರಿಟ್ಟಿದ್ದಾರೆ.

ಮನೆ ಇಲ್ಲವೆಂದು ಮರುಗುವ ಮೊದಲೇ ಪಕ್ಕದ ಸೆಂಟಾರ್ ಬೀದಿಯ ಕಮಾನಿನೊಳಗೆ ಕಾಲಿಟ್ಟೆ. ತಲೆಯ ಮೇಲೆ ವಾಟರ್‌ಲೂ ನಿಲ್ದಾಣದ ರೈಲುಗಳು ಗುಡುಗುತ್ತವೆ, ಇಟ್ಟಿಗೆಯಿಂದ ನೀರು ಜಿನುಗುತ್ತದೆ, ನೆಲದಿಂದ ಥಂಡಿ ಏರುತ್ತದೆ. ಆ ಅರೆಗತ್ತಲಲ್ಲಿ ಗೋಡೆಯ ಉದ್ದಕ್ಕೂ ಬ್ಲೇಕನ ಚಿತ್ರಗಳು! ಕಾಗದದ ಮೇಲೆ ಅಂಗೈಯಗಲ ಇದ್ದವನ್ನು ಬಣ್ಣದ ಚೂರುಗಳಲ್ಲಿ ಆಳೆತ್ತರಕ್ಕೆ ಜೋಡಿಸಿ ಮೊಸಾಯಿಕ್ ಮಾಡಿ ಇಲ್ಲಿನ ಕಮಾನುಗಳಿಗೆಲ್ಲ ಹಚ್ಚಿದ್ದಾರೆ. ಬೆಂಕಿಯ ನಾಲಗೆಗಳು, ರೆಕ್ಕೆಯ ಮನುಷ್ಯರು, ಹುಲಿ. ಹಾಲಿನ ಡಬ್ಬಿ ಹಿಡಿದ ಹೆಂಗಸೊಬ್ಬಳು ಅವುಗಳ ಪಕ್ಕದಲ್ಲೇ ಮನೆಗೆ ಹೋಗುತ್ತಿದ್ದಳು. ದಿನವೂ ಈ ದಾರಿಯಲ್ಲಿ ಓಡಾಡುವ ಭಾಗ್ಯವೇ ಎಂದು ನನಗೆ ಹೊಟ್ಟೆಕಿಚ್ಚಾಯಿತು.

ಲಂಡನ್ ಕುರಿತ ಅವನ ಪುಟ್ಟ ಕವಿತೆ 1794ರ ‘ಸಾಂಗ್ಸ್ ಆಫ್ ಎಕ್ಸ್‌ಪೀರಿಯನ್ಸ್’ನಲ್ಲಿದೆ. ಅದು ಹೊರಬಂದ ರೀತಿಯೇ ಒಂದು ಅಚ್ಚರಿ. ತಾಮ್ರದ ತಗಡಿನ ಮೇಲೆ ಆಮ್ಲಕ್ಕೆ ಕರಗದ ದ್ರವದಿಂದ ಅಕ್ಷರಗಳನ್ನೂ ಚಿತ್ರವನ್ನೂ ಕನ್ನಡಿಯಲ್ಲಿ ಕಾಣುವಂತೆ ತಿರುಗುಮುರುಗಾಗಿ ಬರೆಯುತ್ತಿದ್ದ. ತಗಡನ್ನು ಆಮ್ಲಕ್ಕೆ ಒಡ್ಡಿದರೆ ಬರೆದದ್ದು ಉಬ್ಬಿ ಉಳಿಯುತ್ತಿತ್ತು. ಅಚ್ಚು ತೆಗೆದ ಹಾಳೆಗಳಿಗೆ ಗಂಡ ಹೆಂಡತಿ ಸೇರಿ ಕೈಯಿಂದ ಬಣ್ಣ ಹಾಕುತ್ತಿದ್ದರು. ಮದುವೆಯ ದಿನ ರಿಜಿಸ್ಟರಿನಲ್ಲಿ ಬರಿಯ ಗುರುತು ಹಾಕಿದ್ದ ಕ್ಯಾಥರಿನ್ ಮುಂದೆ ಅವನ ಅಚ್ಚಿನ ಕೆಲಸದಲ್ಲಿ ಜೊತೆಗಾತಿಯಾದಳು. ಲಂಡನ್ ಕುರಿತ ಆ ಕವಿತೆಯ ಹಾಳೆಯ ಮೇಲ್ಭಾಗದಲ್ಲಿ ಊರುಗೋಲಿನ ಬಾಗಿದ ಮುದುಕನನ್ನು ಮಗುವೊಂದು ನಡೆಸಿಕೊಂಡು ಹೋಗುತ್ತಿದೆ.

ವರ್ಡ್ಸ್‌ವರ್ತನದು ನಿಂತು ನೋಡುವ ಕವಿತೆ, ಬ್ಲೇಕನದು ನಡೆಯುತ್ತ ಕೇಳುವ ಕವಿತೆ. ಚಿಮಣಿ ಗುಡಿಸುವ ಹುಡುಗನ ಕೂಗು, ಸಿಪಾಯಿಯ ನಿಟ್ಟುಸಿರು, ನಡುರಾತ್ರಿಯ ಬೀದಿಯಲ್ಲಿ ಮೈಮಾರುವ ಎಳೆಯ ಹೆಣ್ಣಿನ ಶಾಪ, ಎಲ್ಲ ಕಿವಿಯಿಂದ ಒಳಗಿಳಿದದ್ದು. ಫ್ರಾನ್ಸಿನ ಮೇಲೆ ಯುದ್ಧ ಶುರುವಾಗಿತ್ತು. 1794ರಲ್ಲಿ ಹೇಬಿಯಸ್ ಕಾರ್ಪಸ್ ಅಮಾನತಾಯಿತು, ಸರ್ಕಾರವನ್ನು ಟೀಕಿಸಿದವರು ಜೈಲಿಗೆ ಹೋಗುತ್ತಿದ್ದರು. ಅಂಥ ಹೊತ್ತಿನಲ್ಲಿ, ಬೀದಿಗೂ ನದಿಗೂ ಸನ್ನದು ಪತ್ರದ ಯಜಮಾನರಿದ್ದಾರೆ ಎಂದು ಬರೆಯಲು ಎದೆ ಬೇಕಿತ್ತು. ಸಾನೆಟ್ಟಿನಲ್ಲಿ ತನ್ನಿಷ್ಟದಂತೆ ಹರಿಯುವ ನೀರು ಇಲ್ಲಿ ಒಡೆತನದ ಸೊತ್ತು.

ಬ್ಲೇಕನ ಗೆಳೆಯ ಫ್ರೆಡರಿಕ್ ಟೇಥಮ್ ಹೇಳಿದ ಒಂದು ಪ್ರಸಂಗವಿದೆ. ಸೇತುವೆಯ ಬುಡದಲ್ಲಿ ಸರ್ಕಸ್ ನಡೆಸುತ್ತಿದ್ದ ಫಿಲಿಪ್ ಆಸ್ಟ್ಲಿ ಬ್ಲೇಕನ ನೆರೆಯವನು. ಅಲ್ಲಿ ಹುಡುಗನೊಬ್ಬನ ಕಾಲಿಗೆ ಮರದ ದಿಮ್ಮಿ ಕಟ್ಟಿ ಶಿಕ್ಷಿಸಿದ್ದನ್ನು ಕಂಡ ಬ್ಲೇಕ್, ಇಂಗ್ಲಿಷ್ ಮಗುವಿಗೆ ಇಂಥ ಗತಿ ಬರಕೂಡದೆಂದು ಹೋಗಿ ಜಗಳವಾಡಿ ಅವನನ್ನು ಬಿಡಿಸಿದನಂತೆ. ಮನಸ್ಸಿಗೆ ಬಿದ್ದ ಸಂಕೋಲೆಗಳ ಸದ್ದು ಕೇಳುತ್ತದೆಂದು ಬರೆದವನು, ಕಾಲಿಗೆ ಕಟ್ಟಿದ್ದನ್ನು ಕಂಡು ಸುಮ್ಮನೆ ಹೇಗಿದ್ದಾನು!

ಈ ಎರಡು ಕವಿತೆಗಳನ್ನು ಅಕ್ಕಪಕ್ಕ ಇಟ್ಟು, ಒಬ್ಬ ನಗರವನ್ನು ಹೊಗಳಿದ, ಇನ್ನೊಬ್ಬ ತೆಗಳಿದ ಎಂದು ಹೇಳಿ ಮುಗಿಸುವುದು ನಮ್ಮ ಕಾಲೇಜು ತರಗತಿಗಳ ರೂಢಿ. ಈ ಬೀದಿಗಳಲ್ಲಿ ಸುತ್ತುತ್ತ ಹೋದಂತೆ ಆ ಮಾತಿಗೆ ಒಪ್ಪಲು ನನಗೆ ಮನಸ್ಸಾಗಲಿಲ್ಲ. ಸಾನೆಟ್ ಹುಟ್ಟಿದ 1802ರಲ್ಲಿ ಬ್ಲೇಕ್ ಎಲ್ಲಿದ್ದ? ಸಸೆಕ್ಸಿನ ಫೆಲ್ಫಮ್ ಎಂಬ ಕಡಲತಡಿಯ ಹಳ್ಳಿಯಲ್ಲಿ. ಲಂಡನ್ ಬಿಟ್ಟು ಅವನು ಬಾಳಿದ್ದು 1800ರಿಂದ 1803ರವರೆಗಿನ ಆ ಮೂರು ವರ್ಷ ಮಾತ್ರ. ಹಳ್ಳಿಯ ಕವಿ ನಗರಕ್ಕೆ ಮನಸೋತ ವರ್ಷ ನಗರದ ಕವಿ ಹಳ್ಳಿಯಲ್ಲಿದ್ದ. ಡೋವರ್ ಕೋಚ್ ಸೇತುವೆ ಇಳಿದು ಅವನು ಬಿಟ್ಟುಹೋದ ಬೀದಿಯ ಬಾಯಿಯ ಮುಂದೆಯೇ ಹಾದಿರಬೇಕು.

ಅದೇ ಸೆಪ್ಟೆಂಬರಿನಲ್ಲಿ ಗೆಳೆಯ ಚಾರ್ಲ್ಸ್ ಲ್ಯಾಮ್ ವರ್ಡ್ಸ್‌ವರ್ತನನ್ನು ಸ್ಮಿತ್‌ಫೀಲ್ಡಿನ ಬಾರ್ಥಲೊಮ್ಯೂ ಜಾತ್ರೆಗೆ ಕರೆದೊಯ್ದ. ಆ ಗದ್ದಲ, ಆ ಬಣ್ಣ, ಆ ತಳ್ಳಾಟ ‘ದ ಪ್ರಿಲ್ಯೂಡ್’ ಕಾವ್ಯದ ಏಳನೆಯ ಸರ್ಗದಲ್ಲಿ ಹುಚ್ಚು ಹೊಳೆಯಾಗಿ ನುಗ್ಗುತ್ತದೆ. ಅದೇ ಸರ್ಗದಲ್ಲಿ, ತನ್ನ ಕತೆ ಬರೆದ ಚೀಟಿಯನ್ನು ಎದೆಗೆ ಅಂಟಿಸಿಕೊಂಡು ಗೋಡೆಗೊರಗಿ ನಿಂತ ಕುರುಡ ಭಿಕ್ಷುಕನನ್ನು ಕಂಡು ಕವಿಯ ಮನಸ್ಸು ಗಿರ್ರನೆ ತಿರುಗುತ್ತದೆ. ಮನುಷ್ಯರೆಲ್ಲ ಮಲಗಿರುವಾಗ ಕಂಡ ಚೆಲುವು ಎಷ್ಟು ಹೊತ್ತಿನದು ಎಂಬುದು ಅವನಿಗೆ ಚೆನ್ನಾಗಿ ಗೊತ್ತಿತ್ತು.

ಬ್ಲೇಕನೂ ಶಾಪದಲ್ಲಿ ನಿಲ್ಲಲಿಲ್ಲ. ಲಂಡನ್ನಿಗೆ ಮರಳಿ ‘ಜೆರುಸಲೇಮ್’ ಎಂಬ ನೂರು ಫಲಕಗಳ ಕಾವ್ಯ ಕೊರೆದ. ಇಸ್ಲಿಂಗ್ಟನ್ನು, ಮೇರಿಲಬೋನು, ಪ್ರಿಮ್‌ರೋಸ್ ಹಿಲ್ಲು ಎಲ್ಲ ಅಲ್ಲಿ ದೇವರ ಊರಿನ ಚಿನ್ನದ ಕಂಬಗಳನ್ನು ಹೊತ್ತಿವೆ. ಪೆಕಮ್ ರೈನ ಮರದ ತುಂಬ ದೇವದೂತರನ್ನು ಕಂಡೆನೆಂದ ಬಾಲಕ ಅವನು. ಊರು ಹೀಗೆ ಬೆಳಗಬೇಕಾಗಿತ್ತು ಎಂದು ಕಂಡವನ ಸಿಟ್ಟು ಆ ಪುಟ್ಟ ಕವಿತೆಯಲ್ಲಿದೆ. ಊರನ್ನು ಹಗೆಯಾಗಿ ಕಂಡವನ ಸಿಟ್ಟು ಅದಲ್ಲ.

ಕನ್ನಡಕ್ಕೆ ಲಂಡನ್ನಿನ ಈ ದುಃಖದ ಮುಖ ಬೇಗನೇ ಬಂದಿತ್ತು. ಬಿ.ಎಂ.ಶ್ರೀ. ಅವರ ‘ಇಂಗ್ಲಿಷ್ ಗೀತಗಳು’ (1926) ಸಂಕಲನದ ‘ದುಃಖಸೇತು’ ಥಾಮಸ್ ಹುಡ್‌ನ ಕವಿತೆಯಿಂದ ಬಂದದ್ದು. ನೆಲೆ ಕಾಣದೆ ಸೇತುವೆಯಿಂದ ನೀರಿಗೆ ಹಾರಿದ ಹೆಣ್ಣಿಗಾಗಿ ಅದು ಮರುಗುತ್ತದೆ. ಕನ್ನಡದ ಇನ್ನೊಂದು ಗುರುತೂ ಇಲ್ಲಿದೆ: ಬ್ಲೇಕನ ಲ್ಯಾಂಬೆತ್ತಿನಲ್ಲೇ, ಆಲ್ಬರ್ಟ್ ಎಂಬ್ಯಾಂಕ್‌ಮೆಂಟಿನ ನದಿಯ ದಡದಲ್ಲಿ, 2015ರ ನವೆಂಬರಿನಿಂದ ಬಸವಣ್ಣನವರ ಪ್ರತಿಮೆ ಇದೆ. ಹರ್ಕ್ಯುಲಿಸ್ ರಸ್ತೆಯಿಂದ ಅಲ್ಲಿಗೆ ನಡೆದೇ ಹೋದೆ. ಕೈಕಸುಬಿನಿಂದ ಬದುಕಿ, ದೊರೆಗೂ ಪುರೋಹಿತನಿಗೂ ಅಂಜದೆ ಆಡಿದ ಬ್ಲೇಕನ ಬೀದಿಯಿಂದ ಬಂದವನಿಗೆ ಈ ನೆರೆ ತುಂಬ ಸಹಜವೆನಿಸಿತು. ಕೈಮುಗಿದು ಸೇತುವೆ ದಾಟಿದೆ.

ಇಬ್ಬರು ಕವಿಗಳೂ ಒಬ್ಬರನ್ನೊಬ್ಬರು ಕಾಣಲಿಲ್ಲ. ನಡುವೆ ಹೆನ್ರಿ ಕ್ರ್ಯಾಬ್ ರಾಬಿನ್ಸನ್ ಎಂಬ ಸಾಹಿತ್ಯಪ್ರಿಯನಿದ್ದ. 1812ರಲ್ಲಿ ಅವನು ಬ್ಲೇಕನ ಕೆಲವು ಕವಿತೆಗಳನ್ನು ಓದಿ ಹೇಳಿದಾಗ, ಬೈರನ್ನಿಗಿಂತ, ಸ್ಕಾಟ್‌ಗಿಂತ ಇವನಲ್ಲಿ ಕಾವ್ಯ ಎಷ್ಟೋ ಪಾಲು ಹೆಚ್ಚೆಂದು ವರ್ಡ್ಸ್‌ವರ್ತ್ ಮೆಚ್ಚಿಕೊಂಡ. ಮುಂದೆ ವರ್ಡ್ಸ್‌ವರ್ತನ ಪುಸ್ತಕವನ್ನು ರಾಬಿನ್ಸನ್ ಬ್ಲೇಕನಿಗೆ ಕೊಟ್ಟ. ಮುದುಕ ಅಂಚುಗಳಲ್ಲಿ ಜಗಳವಾಡುತ್ತ, ಮೆಚ್ಚುತ್ತ ಟಿಪ್ಪಣಿ ಬರೆದ. ಪ್ರಕೃತಿಯನ್ನು ಇಷ್ಟು ಪೂಜಿಸುವವನ ಬಗ್ಗೆ ಅವನಿಗೆ ಕಳವಳ. ಆದರೂ ತನ್ನ ಕಾಲದ ದೊಡ್ಡ ಕವಿ ಇವನೇ ಎಂದು ಒಪ್ಪಿಕೊಂಡ.

ಆಗ ಬ್ಲೇಕ್ ಇದ್ದದ್ದು ಸ್ಟ್ರ್ಯಾಂಡ್ ಬೀದಿಯ ಬದಿಯ ಫೌಂಟನ್ ಕೋರ್ಟಿನ ಎರಡು ಕೋಣೆಗಳಲ್ಲಿ. ಹಾಸಿಗೆ ಹಿಡಿದಾಗಲೂ ದಾಂತೆಯ ಕಾವ್ಯಕ್ಕೆ ಚಿತ್ರ ಬರೆಯುತ್ತ, 1827ರ ಆಗಸ್ಟ್ 12ರಂದು ಅಲ್ಲೇ ತೀರಿಕೊಂಡ. ಮನೆಗಳ ಸಂದಿಯಿಂದ ಕಿಟಕಿಗೆ ಥೇಮ್ಸಿನ ಒಂದು ತುಣುಕು ಕಾಣುತ್ತಿತ್ತು. ಅದು ಬಿಸಿಲಿಗೆ ಬಂಗಾರವಾಗುವುದನ್ನು ಬಂದವರಿಗೆ ತೋರಿಸಿ ಹಿಗ್ಗುತ್ತಿದ್ದನಂತೆ. ಯಜಮಾನರ ಸೊತ್ತಾಗಿದ್ದ ಅದೇ ನೀರು!

ಫೌಂಟನ್ ಕೋರ್ಟ್ ಈಗ ಉಳಿದಿಲ್ಲ. ಸ್ಟ್ರ್ಯಾಂಡ್ ಉಳಿದಿದೆ. ಅದರ ಪಡುವಣ ತುದಿ ಚೇರಿಂಗ್ ಕ್ರಾಸ್, ಡೋವರ್ ಕೋಚ್ ಹೊರಟ ಜಾಗ. ಬೆಟ್ಟಗಳ ನಾಡಿಗೆ ಬಾ ಎಂದು ಕರೆದಿದ್ದ ವರ್ಡ್ಸ್‌ವರ್ತನಿಗೆ 1801ರ ಜನವರಿಯಲ್ಲಿ ಬರೆದ ಕಾಗದದಲ್ಲಿ ಲ್ಯಾಮ್, ಈ ಸ್ಟ್ರ್ಯಾಂಡಿನಲ್ಲಿ ತುಂಬಿ ತುಳುಕುವ ಬದುಕನ್ನು ನೋಡಿ ತಾನು ಆನಂದದಿಂದ ಅತ್ತದ್ದುಂಟು ಎಂದು ಹೇಳಿಕೊಂಡಿದ್ದಾನೆ. ನಾನು ಹೋದಾಗ ಸಂಜೆ ಆರು ಗಂಟೆ. ಕಚೇರಿಗಳು ಬಿಟ್ಟು ಜನ ರೈಲಿಗೆ ಧಾವಿಸುತ್ತಿದ್ದರು, ನಾಟಕಶಾಲೆಗಳ ಮುಂದೆ ಸಾಲು ಬೆಳೆದಿತ್ತು, ಮುಚ್ಚಿದ ಅಂಗಡಿಯೊಂದರ ಬಾಗಿಲಲ್ಲಿ ಹುಡುಗನೊಬ್ಬ ಕಂಬಳಿ ಹೊದ್ದು ಕೂತಿದ್ದ, ಕೆಂಪು ಬಸ್ಸುಗಳ ಗಾಜಿನಲ್ಲಿ ಇಳಿಬಿಸಿಲು. ನಾನೂ ಆ ಪ್ರವಾಹಕ್ಕೆ ಎದುರಾಗಿ, ಬರುವ ಪ್ರತಿಯೊಂದು ಮುಖವನ್ನೂ ನೋಡುತ್ತ, ಬೀದಿಯ ಇನ್ನೊಂದು ತುದಿಯವರೆಗೆ ನಡೆದೆ.