ಯಾವ ಪದ ಹೋಗಬೇಕು, ಯಾವುದು ಉಳಿಯಬೇಕು

ಪಾಠಯೋಜನೆಯಲ್ಲಿ 'ಕಪ್ಪುಹಲಗೆ ಸಾರಾಂಶ' ಎಂಬ ಕಿರಿದಾದ ಕಾಲಂ ಇದೆ. ಉದ್ದೇಶ, ಬೋಧನೋಪಕರಣ, ಚಟುವಟಿಕೆಗಳನ್ನು ನಾವು ಪ್ರಶಿಕ್ಷಣಾರ್ಥಿಗಳು ಪುಟಗಟ್ಟಲೆ ಬರೆಯುತ್ತೇವೆ. ಆದರೆ ಮಕ್ಕಳ ನೋಟ್‌ಬುಕ್ಕಿಗೆ ಇಳಿದು ಮನೆಗೆ ಹೋಗುವುದು ಈ ಕಾಲಮ್ಮಿನ ನಾಲ್ಕಾರು ವಾಕ್ಯಗಳು ಮಾತ್ರ. ಮನೆಯಲ್ಲಿ ವಿಜ್ಞಾನ ಹೇಳಿಕೊಡುವವರಿಲ್ಲದ ಮಗುವಿಗೆ ಪರೀಕ್ಷೆಯ ಹಿಂದಿನ ರಾತ್ರಿ ಆ ವಾಕ್ಯಗಳೇ ಮೇಷ್ಟ್ರು. ಹಾಗಾಗಿ ಅಭ್ಯಾಸ ಬೋಧನೆಯ ದಿನಗಳಲ್ಲಿ ನಾನು ಹೆಚ್ಚು ಹೊತ್ತು ಕೊಟ್ಟದ್ದು ಈ ಕಾಲಮ್ಮಿಗೆ.

ಒಂಬತ್ತನೇ ತರಗತಿಯ ಕುದಿಬಿಂದು ಪಾಠಕ್ಕೆ ಬರೆದುಕೊಂಡ ಮೊದಲ ಕರಡು ಇದು: "ಯಾವುದೇ ಒಂದು ದ್ರವವನ್ನು ಕಾಯಿಸಿದಾಗ ಯಾವ ನಿರ್ದಿಷ್ಟ ತಾಪದಲ್ಲಿ ಅದು ಕುದಿಯುವ ಕ್ರಿಯೆಯನ್ನು ಪ್ರಾರಂಭಿಸುತ್ತದೆಯೋ ಆ ತಾಪವನ್ನು ಆ ದ್ರವದ ಕುದಿಬಿಂದು ಎಂಬುದಾಗಿ ಕರೆಯಲಾಗುತ್ತದೆ ಹಾಗೂ ನೀರಿನ ಕುದಿಬಿಂದುವು ಸಾಮಾನ್ಯ ವಾತಾವರಣ ಒತ್ತಡದಲ್ಲಿ 100 ಡಿಗ್ರಿ ಸೆಲ್ಸಿಯಸ್ ಆಗಿರುತ್ತದೆ." ಒಟ್ಟು 28 ಪದ. ಕರಡು ಇರುವುದೇ ಹೀಗೆ. ತಲೆಯಲ್ಲಿರುವುದೆಲ್ಲ ಮೊದಲು ಹಾಳೆಗೆ ಬರಬೇಕು.

ತಿದ್ದುವಾಗ ಮೂರು ಪ್ರಶ್ನೆ ಕೇಳಿಕೊಳ್ಳುತ್ತೇನೆ. ಮೊದಲನೆಯದು, ಕ್ರಿಯಾಪದ ಎಷ್ಟು ದೂರದಲ್ಲಿದೆ? ಕನ್ನಡದಲ್ಲಿ ಅದು ಸಾಮಾನ್ಯವಾಗಿ ಕೊನೆಗೆ ಬರುತ್ತದೆ. ಅಲ್ಲಿಯವರೆಗೆ ಮಗು ಎಲ್ಲವನ್ನೂ ತಲೆಯಲ್ಲಿ ಹೊತ್ತಿರಬೇಕು. ಆದ್ದರಿಂದ 'ಹಾಗೂ' ಬಂದ ಕಡೆ ವಾಕ್ಯವನ್ನು ಎರಡು ಮಾಡಬಹುದು. ಎರಡನೆಯದು, ಒಂದು ಕ್ರಿಯಾಪದದ ಕೆಲಸಕ್ಕೆ ಮೂರು ಪದ ಬಂದಿವೆಯೇ? 'ಕುದಿಯುವ ಕ್ರಿಯೆಯನ್ನು ಪ್ರಾರಂಭಿಸುತ್ತದೆ' ಎನ್ನುವಲ್ಲಿ 'ಕುದಿಯುತ್ತದೆ' ಸಾಕು. ಮೂರನೆಯದು, ಈ ಪದ ಹೋದರೆ ಅರ್ಥ ಬದಲಾಗುತ್ತದೆಯೇ?

ಆಗ ಉಳಿದದ್ದು ಇಷ್ಟು: "ದ್ರವ ಕುದಿಯುವ ತಾಪವೇ ಅದರ ಕುದಿಬಿಂದು. ಸಾಮಾನ್ಯ ವಾತಾವರಣ ಒತ್ತಡದಲ್ಲಿ ನೀರು 100 ಡಿಗ್ರಿ ಸೆಲ್ಸಿಯಸ್‌ನಲ್ಲಿ ಕುದಿಯುತ್ತದೆ." 13 ಪದ. "ಆ ಒತ್ತಡದ ಮಾತೂ ಭಾರವಾಯ್ತು, ತೆಗಿ" ಎಂದಳು ಜೊತೆಯಲ್ಲಿ ಪಾಠ ವೀಕ್ಷಿಸುತ್ತಿದ್ದ ಗೆಳತಿ. ಮೂರನೆಯ ಪ್ರಶ್ನೆ ಇಲ್ಲಿ ಕೆಲಸಕ್ಕೆ ಬಂತು. ಕಡೂರು, ತರೀಕೆರೆ, ಅಜ್ಜಂಪುರ ಮೂರೂ ಸಮುದ್ರಮಟ್ಟದಿಂದ ಸುಮಾರು 700 ಮೀಟರ್ ಅಥವಾ ತುಸು ಹೆಚ್ಚು ಎತ್ತರದಲ್ಲಿವೆ. ಸುಮಾರು 300 ಮೀಟರ್ ಮೇಲೇರಿದರೆ ನೀರಿನ ಕುದಿಬಿಂದು ಹೆಚ್ಚುಕಡಿಮೆ 1 ಡಿಗ್ರಿ ಇಳಿಯುತ್ತದೆ. ಒತ್ತಡದ ಮಾತನ್ನು ತೆಗೆದರೆ ಆ ವಾಕ್ಯ ನಮ್ಮ ಊರುಗಳಲ್ಲೇ ಸುಳ್ಳಾಗುತ್ತದೆ.

ತರಗತಿಯಲ್ಲಿ ನೀರು ಕುದಿಸಿದೆವು. ಪಾದರಸ 98ರ ಹತ್ತಿರ ಬಂದು ನಿಂತಿತು. ಎಷ್ಟು ಉರಿ ಕೊಟ್ಟರೂ ಮೇಲೇರಲಿಲ್ಲ. ಮುಂದಿನ ಸಾಲಿನ ಹುಡುಗಿ ಅದನ್ನು ಸರಿಯಾಗಿಯೇ ಓದಿದಳು, ಆದರೆ ಪುಸ್ತಕದಲ್ಲಿ 100 ಎಂದು ಬರೆದಳು. ಯಾಕೆಂದು ಕೇಳಿದ್ದಕ್ಕೆ, "ಥರ್ಮಾಮೀಟರ್ ಸರಿ ಇಲ್ಲ ಅನ್ಸುತ್ತೆ ಮಿಸ್, ನೂರೇ ಅಲ್ವಾ?" ಎಂದಳು. ಹಿಂದೆಲ್ಲೋ ಕಲಿತ ಚಿಕ್ಕ ವಾಕ್ಯವೊಂದು ಅವಳ ಕಣ್ಣನ್ನೇ ಅವಳು ನಂಬದಂತೆ ಮಾಡಿತ್ತು. ವಿಜ್ಞಾನದ ಪಾಠದಲ್ಲಿ ಇದಕ್ಕಿಂತ ದೊಡ್ಡ ನಷ್ಟ ಯಾವುದಿದೆ?

ಉಳಿದಿದ್ದ ಒತ್ತಡದ ಮಾತಿನಿಂದಲೇ ಚರ್ಚೆ ಮುಂದುವರಿಯಿತು. ಮುಳ್ಳಯ್ಯನಗಿರಿಯ ತುದಿ 1,930 ಮೀಟರ್. ಅಲ್ಲಿ ನೀರು ಎಷ್ಟಕ್ಕೆ ಕುದಿದೀತು ಎಂದು ಮಕ್ಕಳೇ ಲೆಕ್ಕ ಹಾಕಿ 94ರ ಹತ್ತಿರ ಬಂದರು. ಮುಂದಿನ ವಿಭಾಗಕ್ಕೆ ಹೋಗುವ ಮೊದಲು ಸಾರಾಂಶವನ್ನು ಮತ್ತೆ ತಿದ್ದಿದೆ: "ದ್ರವ ಕುದಿಯುವ ತಾಪವೇ ಅದರ ಕುದಿಬಿಂದು. ಸಮುದ್ರಮಟ್ಟದಲ್ಲಿ ನೀರು 100 ಡಿಗ್ರಿ ಸೆಲ್ಸಿಯಸ್‌ನಲ್ಲಿ ಕುದಿಯುತ್ತದೆ. ಎತ್ತರಕ್ಕೆ ಹೋದಂತೆ ಗಾಳಿಯ ಒತ್ತಡ ಇಳಿಯುತ್ತದೆ, ಕುದಿಬಿಂದುವೂ ಇಳಿಯುತ್ತದೆ." ಈಗ 18 ಪದ. 13ಕ್ಕಿಂತ ಹೆಚ್ಚು, ಆದರೆ ಹೆಚ್ಚು ಸ್ಪಷ್ಟ. 28ರಲ್ಲಿ ಹೊಟ್ಟು ತೂರಿದ್ದರಿಂದಲೇ ಈ ಕಾಳಿಗೆ ಜಾಗವಾಯಿತು.

ಬೆಳ್ಳಾವೆ ವೆಂಕಟನಾರಣಪ್ಪ ಮತ್ತು ನಂಗಪುರಂ ವೆಂಕಟೇಶ ಅಯ್ಯಂಗಾರ್ ಅವರು 1918ರಲ್ಲೇ 'ವಿಜ್ಞಾನ' ಮಾಸಪತ್ರಿಕೆ ತಂದು ಕನ್ನಡದಲ್ಲಿ ವಿಜ್ಞಾನ ಹೇಳಲು ಹೊರಟರು. ಅವರು ಪದಗಳನ್ನೇ ಹುಡುಕಬೇಕಿತ್ತು. ನಮಗೆ ಪದಗಳಿವೆ, ಆರಿಸುವ ಕೆಲಸ ಉಳಿದಿದೆ.

ಸಹಪಾಠಿಗಳ ಪಾಠ ವೀಕ್ಷಿಸುವಾಗ ನಾವು 'ಕಪ್ಪುಹಲಗೆ ಬರಹ ಅಂದವಾಗಿದೆ' ಎಂದು ಷರಾ ಬರೆಯುತ್ತೇವೆ. ಅದರ ಕೆಳಗೆ ಇನ್ನೆರಡು ಸಾಲು ಸೇರಿಸೋಣ: ತೆಗೆಯಬಹುದಾದ ಒಂದು ಪದ, ತೆಗೆಯಲೇಬಾರದ ಒಂದು ಪದ.