ನಿಘಂಟು ಹಿಡಿದು ಬಂದ ಯುವತಿ

ಶಿಯಾಲು ಗುವೊ ಅವರ ‘ಎ ಕನ್ಸೈಸ್ ಚೈನೀಸ್-ಇಂಗ್ಲಿಷ್ ಡಿಕ್ಷನರಿ ಫಾರ್ ಲವರ್ಸ್’ 2007ರಲ್ಲಿ ಪ್ರಕಟವಾದ ಕಾದಂಬರಿ. ಹೆಸರಿಗೆ ತಕ್ಕಂತೆ ಅದರ ರಚನೆಯೂ ನಿಘಂಟಿನದೇ. ಅಧ್ಯಾಯದ ನೆತ್ತಿಯ ಮೇಲೊಂದು ಇಂಗ್ಲಿಷ್ ಪದ, ಅದರ ಅರ್ಥ. ಬಳಿಕ ಆ ಪದವು ಒಬ್ಬ ಚೀನೀ ಯುವತಿಯ ಬಾಳನ್ನು ಹೊಕ್ಕ ವೃತ್ತಾಂತ. ಚೀನಾದ ಕಡಲತೀರದ ಹಳ್ಳಿಯಲ್ಲಿ ಬಾಲ್ಯ ಕಳೆದು, ಬೀಜಿಂಗ್‌ನಲ್ಲಿ ಚಲನಚಿತ್ರ ಕಲೆಯನ್ನು ಅಭ್ಯಸಿಸಿ, 2002ರಲ್ಲಿ ಲಂಡನ್ನಿಗೆ ಬಂದ ಲೇಖಕಿ ಇಂಗ್ಲಿಷಿನಲ್ಲಿಯೇ ಬರೆದ ಮೊದಲ ಕಾದಂಬರಿಯಿದು.

ನಾಯಕಿ ಜುವಾಂಗ್ ಶಿಯಾವೊ ಚಿಯಾವೊ. ಲಂಡನ್ನಿನವರ ನಾಲಗೆಗೆ ಆ ಹೆಸರು ಒಗ್ಗದ ಕಾರಣ ಆಕೆ ಬರಿಯ ‘ಝಡ್’ ಆಗುತ್ತಾಳೆ. ಬೇಸಾಯದಿಂದ ಪಾದರಕ್ಷೆಗಳ ಕಾರ್ಖಾನೆಗೆ ಏರಿದ ತಂದೆತಾಯಿ, ಇಂಗ್ಲಿಷ್ ಕಲಿತು ಬರಲೆಂದು ಮಗಳನ್ನು ಒಂದು ವರ್ಷದ ಮಟ್ಟಿಗೆ ಕಳಿಸಿದ್ದಾರೆ. ಆಕೆಯ ಪ್ರಯಾಣವೇ ಆಕೆಯ ನಿರ್ಧಾರವಲ್ಲ ಎಂಬುದನ್ನು ಓದುಗರು ಮರೆಯಬಾರದು.

ಮೊದಲ ಪುಟಗಳ ಇಂಗ್ಲಿಷ್ ಕಾಲ, ವಚನ, ವಿಭಕ್ತಿಗಳೆಲ್ಲ ಕಳಚಿಬಿದ್ದ ಭಾಷೆ. ಪುಟಗಳು ಸರಿದಂತೆ ಅದು ತಾನಾಗಿಯೇ ತಿದ್ದಿಕೊಳ್ಳುತ್ತ ಹೋಗುತ್ತದೆ. (ಇದನ್ನು ಕನ್ನಡಿಸುವವರ ಪಾಡು ಸುಲಭದ್ದಲ್ಲ. ನಮ್ಮ ನಾಟಕ, ಸಿನಿಮಾಗಳಲ್ಲಿ ಪರಭಾಷಿಕರ ಹರಕು ಕನ್ನಡ ನಗೆಗೆಂದೇ ಮೀಸಲಾಗಿದೆ.) ಇಲ್ಲಿಯೂ ಆರಂಭದಲ್ಲಿ ನಗು ಬರುತ್ತದೆ. ಆದರೆ ನಗಿಸಿದ ತಪ್ಪೇ ಬಾಳಿನ ತಿರುವಾಗುತ್ತದೆ. ತನಗಿಂತ ಇಪ್ಪತ್ತು ವರ್ಷ ಹಿರಿಯನಾದ ಆಂಗ್ಲ ಗೆಳೆಯನ ಮನೆ ನೋಡಬೇಕೆಂದಾಗ ಅವನು ‘ಬಿ ಮೈ ಗೆಸ್ಟ್’ ಎನ್ನುತ್ತಾನೆ. ‘ಧಾರಾಳವಾಗಿ ಬಾ’ ಎಂಬಷ್ಟೇ ಅರ್ಥದ ಉಪಚಾರದ ಮಾತನ್ನು ಆಕೆ ಅಕ್ಷರಶಃ ಹಿಡಿದು, ಪೆಟ್ಟಿಗೆಯೊಡನೆ ಅವನ ಮನೆಯಲ್ಲಿ ನೆಲೆಸುತ್ತಾಳೆ.

ಅಲ್ಲಿಂದ ಮುಂದೆ ಜಗಳಗಳೆಲ್ಲ ಪದಗಳ ಜಗಳಗಳೇ. ಅವನ ದಿನಚರಿಯನ್ನೂ ಹಳೆಯ ಪತ್ರಗಳನ್ನೂ ಆಕೆ ಓದಿಬಿಡುತ್ತಾಳೆ. ಅವನಿಗೆ ಅದು ಖಾಸಗಿತನದ ಉಲ್ಲಂಘನೆ. ಒಲಿದವರ ನಡುವೆ ಅಂಥದೊಂದು ಗೋಡೆ ಏಕೆಂಬುದು ಅವಳಿಗೆ ಬಗೆಹರಿಯದು. ಕನ್ನಡಿಗರು ಇದನ್ನು ಅನ್ಯರ ವಿಚಿತ್ರವೆಂದು ಬದಿಗಿಡುವಂತಿಲ್ಲ. ‘ಖಾಸಗಿ’ ನಮಗೂ ಪಾರಸಿಯಿಂದ ಬಂದ ಪದ. ಕೂಡುಕುಟುಂಬದ ಪಡಸಾಲೆಯಲ್ಲಿ ಅದಕ್ಕೆ ಹೆಚ್ಚಿನ ಕೆಲಸವಿರಲಿಲ್ಲ. ಕ್ರಿಯಾಪದಗಳಲ್ಲಿಯೂ ಇಂಥದೇ ತೊಡಕು. ‘ಪ್ರೀತಿಸಿದೆ’, ‘ಪ್ರೀತಿಸುತ್ತೇನೆ’ ಎಂದು ನಾವು ರೂಪ ಬದಲಿಸುವಲ್ಲಿ ಚೀನೀ ಕ್ರಿಯಾಪದ ಬದಲಾಗುವುದಿಲ್ಲ. ಕಾಲಕ್ಕೆ ಕಟ್ಟುಬೀಳದ ಪ್ರೀತಿಯಿಂದ ಬಂದವಳಿಗೆ, ಭೂತಕಾಲವುಳ್ಳ ಪ್ರೀತಿ ಹೊಸ ವ್ಯಾಕರಣವಷ್ಟೇ ಅಲ್ಲ, ಹೊಸ ಭಯ.

ಕೃತಿಯ ಮರ್ಮವಿರುವುದು ಯುರೋಪಿನ ಪ್ರವಾಸದಲ್ಲಿ. ಒಬ್ಬಳೇ ಸುತ್ತಿ ಬಾ, ಲೋಕವನ್ನು ನೋಡು ಎಂದು ಅವನೇ ಕಳಿಸುತ್ತಾನೆ. ಆಕೆಗೆ ಮನಸ್ಸಿಲ್ಲ. ಪ್ಯಾರಿಸ್, ಬರ್ಲಿನ್, ವೆನಿಸ್ ಎಂದು ರೈಲಿನಲ್ಲಿ ಅಲೆಯುವ ಈ ಯುವತಿಯನ್ನು ಕಂಡು ‘ಸ್ವತಂತ್ರಳಾದಳು’ ಎಂದು ಸಂತೋಷಪಡುವುದು ಅವಸರದ ಓದು. ತಂದೆತಾಯಿ ಲಂಡನ್ನಿಗೆ ಅಟ್ಟಿದರು, ಪ್ರಿಯಕರ ಯುರೋಪಿಗೆ ಅಟ್ಟಿದ. ಎರಡೂ ಪರರ ಅಪ್ಪಣೆಗಳೇ. ಎರಡನೆಯದು ಸ್ವಾತಂತ್ರ್ಯದ ಹೆಸರಿನಲ್ಲಿ ಬಂದುದರಿಂದ ಅದನ್ನು ಧಿಕ್ಕರಿಸುವುದು ಇನ್ನೂ ಕಷ್ಟ. ‘ನಾವು’ ಎಂಬ ಬಹುವಚನದಲ್ಲಿ ಬದುಕಿದವಳಿಗೆ ‘ನಾನು’ ಎಂಬುದನ್ನು ಕಲಿಸಿದವನು, ಅವಳು ಅದನ್ನು ಕಲಿಯುವ ಹೊತ್ತಿಗೆ ದೂರ ಸರಿದಿದ್ದಾನೆ. ಇಂಗ್ಲಿಷ್ ಸುಧಾರಿಸಿದಷ್ಟೂ ಒಲವು ಸಡಿಲವಾಗುತ್ತದೆ. ತಪ್ಪಿಲ್ಲದ ವಾಕ್ಯಗಳಲ್ಲಿ ಅವರು ಹೆಚ್ಚು ಸ್ಪಷ್ಟವಾಗಿ ಜಗಳವಾಡಬಲ್ಲರು.

ನಡುವೆ ಒಂದೆಡೆ ಆಕೆ ಇಂಗ್ಲಿಷಿನಿಂದ ರೋಸಿ ಚೀನೀ ಭಾಷೆಯಲ್ಲಿಯೇ ಬರೆಯುತ್ತಾಳೆ. ಅದರ ಅನುವಾದ ‘ಸಂಪಾದಕರ’ ಹೆಸರಿನಲ್ಲಿ ಬರುತ್ತದೆ. ಅಲ್ಲಿಯವರೆಗೆ ಮುಗ್ಧೆಯಾಗಿ, ಕೊಂಚ ಪೆದ್ದಳಾಗಿ ಕಂಡವಳು ತನ್ನ ನುಡಿಯಲ್ಲಿ ಎಷ್ಟು ಪ್ರೌಢಳೆಂಬುದು ಆಗಷ್ಟೇ ತಿಳಿಯುತ್ತದೆ. ಇಡೀ ಕಾದಂಬರಿಯಲ್ಲಿ ಇದಕ್ಕಿಂತ ಬಲವಾದ ಭಾಗವಿಲ್ಲ.

ವೀಸಾ ಮುಗಿದು ಆಕೆ ಚೀನಾಕ್ಕೆ ಮರಳುತ್ತಾಳೆ. ಆದರೆ ಕಾರ್ಖಾನೆಯ ಊರಿನಲ್ಲಿ ನಿಲ್ಲದೆ, ತಾಯಿಯ ಬೈಗುಳಕ್ಕೆ ಜಗ್ಗದೆ ಬೀಜಿಂಗ್ ಸೇರುತ್ತಾಳೆ. ಹಾಗೆ ಹೋಗೆಂದು ಈ ಬಾರಿ ಯಾರೂ ಹೇಳಿರುವುದಿಲ್ಲ.