ಮೋಡದ ಮೇಲಿನ ಕಣ್ಣು
ತೊಗರಿ ಬೆಳೆಯುವ ಕಾಲಕ್ಕೇ ನಮ್ಮ ವಿಜಯಪುರದ ಮೇಲೆ ಮೋಡ ಕವಿಯುತ್ತದೆ. ಮಳೆ ಬರುವುದು ಬೇರೆ ಮಾತು. ಛಾಯಾಚಿತ್ರ ತೆಗೆಯುವ ಉಪಗ್ರಹಕ್ಕೆ ಆಗ ಕುರುಡು. 2022ರಲ್ಲಿ ಇಸ್ರೋ ಹಾರಿಸಿದ ಇಒಎಸ್-04 ಹಾಗಲ್ಲ. ಅದು ತಾನೇ ರೇಡಾರ್ ಅಲೆ ಬಿಟ್ಟು, ಮೋಡ ತೂರಿ ಮರಳುವ ಮಾರ್ದನಿಯನ್ನು ಹಿಡಿಯುತ್ತದೆ. ಗಿಡದ ಎತ್ತರ, ದಟ್ಟಣೆ, ಹಸಿಗೆ ತಕ್ಕಂತೆ ಮಾರ್ದನಿ ಬೇರೆ. ಹಲವು ವಾರಗಳದನ್ನು ಹೋಲಿಸಿ ಇದು ತೊಗರಿ, ಇದು ಗೋವಿನಜೋಳ ಎಂದು ನಕ್ಷೆ ಬರೆಯುತ್ತಾರೆ.

ಬಬಲೇಶ್ವರದ ಸೋದರಮಾವನಿಗೆ ಇದನ್ನೆಲ್ಲ ಹೇಳಿದೆ. "ಗಿಡ ಕಾಣತೈತಿ, ಖರೆ. ಕಾಯಾಗ ಕಾಳು ತುಂಬಿದ್ದು ಅದಕ್ಕ ಹ್ಯಾಂಗ ತಿಳೀತೈತೋ ತಮ್ಮಾ?" ಎಂದರು.

ಹಗುರದ ಪ್ರಶ್ನೆಯಲ್ಲ, ಬೆಳೆವಿಮೆಯ ಹಣ ನಿಂತಿರುವುದು ಇಳುವರಿಯ ಅಂಕಿಯ ಮೇಲೆ. ರೇಡಾರ್ ಕಾಳು ಎಣಿಸದು, ಗಿಡ ಕಂಡು ಅಂದಾಜು ಕಟ್ಟುತ್ತದೆ. ಅದನ್ನು ಒರೆಗೆ ಹಚ್ಚಲು ಇಂದಿಗೂ ಹೊಲದ ತುಂಡೊಂದನ್ನು ಅಳೆದು, ಕೊಯ್ದು, ತೂಗಬೇಕು. ತೂಗುವವರು ತಿಕೋಟಾ ಕಡೆಯ ತನ್ನ ಕಲ್ಲುಹೊಲಕ್ಕೂ ಬರಲಿ ಎಂಬುದು ಮಾವನ ತಕರಾರು. ನನ್ನದೂ ಅದೇ.